ಹಳ್ಳಿ ಮನೆಗೆ ಹದಿನಾಲ್ಕು ಜನ, ಇರುವುದು ಎರಡೇ ಬರ್ನರ್. ನಾನು ಜಗಲಿಗೆ ಬಂದು ಕೂರುವುದು ಯಾವಾಗ?

ಎರಡುಬರ್ನರ್ ಕೇಳಿದ್ದು:

ಇದು ಅಡುಗೆಯ ಪ್ರಶ್ನೆಯೋ ಸಂಸಾರದ ಪ್ರಶ್ನೆಯೋ ನನಗೇ ಗೊತ್ತಾಗುತ್ತಿಲ್ಲ. ಎರಡನ್ನೂ ಸೇರಿಸಿ ಬರೆದುಬಿಡುತ್ತೇನೆ. ಯಾವುದಕ್ಕೆ ಉತ್ತರ ಗೊತ್ತೋ ಅದಕ್ಕೆ ಹೇಳಿ.

ಹಳ್ಳಿಯಲ್ಲಿ ನಮಗೊಂದು ಸಣ್ಣ ಮನೆ ಇದೆ. ಎರಡು ಕೋಣೆ, ಉದ್ದನೆಯ ಜಗಲಿ, ಹಿಂದೆ ಬಾವಿ, ಅದರಾಚೆ ಬರೀ ಹೊಲ. ತಿಂಗಳಿಗೊಂದು ಸಲ ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ಸಂಜೆ ವಾಪಸ್ ಬರುತ್ತೇವೆ. ಮೊದಲೆಲ್ಲಾ ನಾವು ನಾಲ್ಕೇ ಜನ. ಆಮೇಲೆ ಅಮ್ಮ ಸೇರಿಕೊಂಡರು. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬಂದರು. ಕಾಲೇಜಿನಿಂದ ಜೊತೆಗಿರುವ ಗೆಳೆಯನೊಬ್ಬ ಹೆಂಡತಿ, ಮಗಳನ್ನು ಕರೆದುಕೊಂಡು ಬಂದ. ಇನ್ನೊಬ್ಬ ಗೆಳೆಯ, ಅವನ ಹೆಂಡತಿ. ಈಗ ಲೆಕ್ಕ ಹದಿನಾಲ್ಕು. ಯಾರೂ ಬೇಡದವರಲ್ಲ. ಎಲ್ಲರೂ ಬರಲಿ ಅಂತ ಕರೆದವನೇ ನಾನು.

ಅಡುಗೆ ನನ್ನದು. ಹೆಂಡತಿಗೆ ಅಡುಗೆ ಅಂದರೆ ಅಷ್ಟಕ್ಕಷ್ಟೇ, ನನಗೆ ಪ್ರಾಣ. ಆ ಮನೆಯಲ್ಲಿರುವುದು ಎರಡು ಬರ್ನರಿನ ಒಂದು ಗ್ಯಾಸ್ ಒಲೆ, ಒಂದು ಪುಟ್ಟ ಫ್ರಿಜ್ಜು, ಈಚೆಗೆ ತಂದ ಒಂದು ಎತ್ತರದ ದೊಡ್ಡ ಪಾತ್ರೆ.

ಕಳೆದ ಸಲ ಏನಾಯಿತು ಕೇಳಿ. ರಾತ್ರಿಯೇ ನೆನೆಸಿದ ರಾಜ್ಮಾ ಹತ್ತೂವರೆಗೆ ಒಲೆ ಮೇಲಿಟ್ಟೆ. ಬೇಗ ಮೆತ್ತಗಾಗಲಿ ಅಂತ ಶುರುವಿಗೇ ಟೊಮೆಟೊ ಕೂಡ ಹಾಕಿದೆ. ಎರಡು ಗಂಟೆಯಾದರೂ ಹಲ್ಲಿಗೆ ಕಟಕಟ ಅನ್ನುತ್ತಿತ್ತು. ಅನ್ನದ ಕಥೆ ಇನ್ನೂ ಚೆಂದ. ತಳ ಹತ್ತಿತ್ತು, ನಡುವೆ ಅಂಟಂಟಾಗಿತ್ತು, ಮೇಲೆ ಇನ್ನೂ ಅಕ್ಕಿ. ನಾಲ್ಕು ಜನಕ್ಕೆ ಮಾಡಿದಾಗ ಒಂದು ದಿನವೂ ಹೀಗಾಗಿಲ್ಲ. ಅದೇ ಅಳತೆಯನ್ನು ಮೂರೂವರೆಯಿಂದ ಗುಣಿಸಿದ್ದೆ, ಅಷ್ಟೇ. ಊಟಕ್ಕೆ ಕೂತಾಗ ಮೂರೂಕಾಲು. ಮಕ್ಕಳು ಅಷ್ಟರಲ್ಲಿ ಬಿಸ್ಕತ್ತಿನಲ್ಲೇ ಹೊಟ್ಟೆ ತುಂಬಿಸಿಕೊಂಡಿದ್ದರು.

ಇಡೀ ಹೊತ್ತು ಎಲ್ಲರೂ ಜಗಲಿಯಲ್ಲಿ ಇಸ್ಪೀಟು ಆಡುತ್ತಿದ್ದರು. ಕಿಟಕಿಯಿಂದ ನಗು ಕೇಳಿಸುತ್ತಿತ್ತು, ಯಾವುದಕ್ಕೆ ನಗು ಅಂತ ಕೇಳಿಸುತ್ತಿರಲಿಲ್ಲ. ಒಬ್ಬೊಬ್ಬರಾಗಿ ಬಂದು "ಏನಾದ್ರೂ ಮಾಡ್ಬೇಕಾ?" ಅಂತ ಕೇಳಿದರು. ನಾನು "ಬೇಡ ಬೇಡ, ಆಯ್ತು, ನೀವು ಕೂತ್ಕೊಳ್ಳಿ" ಅಂದೆ. ಭಾನುವಾರ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಎರಡು ದಿನದಲ್ಲಿ ನಾನು ಜಗಲಿಯಲ್ಲಿ ಕೂತಿದ್ದು ಒಟ್ಟು ನಲವತ್ತು ನಿಮಿಷ. ಕಾರಿನಲ್ಲಿ ಹೆಂಡತಿ ಹೇಳಿದಳು: "ಅಡುಗೆಯವರೇನೋ ಪರವಾಗಿಲ್ಲ. ಆದ್ರೆ ನಮ್ಮನೆಯವರೇ ಎಲ್ಲೂ ಕಾಣಿಸ್ಲಿಲ್ಲ."

ಹೊರಗಿನಿಂದ ಊಟ ತರಿಸಿ ಅಂತ ದಯವಿಟ್ಟು ಹೇಳಬೇಡಿ. ಅಲ್ಲಿಗೆ ಹೋಗುವುದೇ ಅಡುಗೆ ಮಾಡುವ ಖುಷಿಗೆ. ನಾಲ್ಕು ಜನಕ್ಕೆ ಸರಿಹೋಗುವುದು ಹದಿನಾಲ್ಕಕ್ಕೆ ಯಾಕೆ ಕೆಡುತ್ತದೆ? ನಾನು ಹೊರಗೆ ಬಂದು ಕೂರುವುದು ಹೇಗೆ?

ದೊಡ್ಡಸೌಟು ಬರೆದದ್ದು:

ತಮ್ಮಾ, ಹದಿನೆಂಟು ವರ್ಷ ಹಾಸ್ಟೆಲ್ ಅಡುಗೆಮನೆಯಲ್ಲಿ ಕಳೆದವನು ನಾನು. ನಿಮ್ಮ ಕೈಗುಣದಲ್ಲಿ ತಪ್ಪಿಲ್ಲ. ಗುಣಾಕಾರದಲ್ಲಿ ತಪ್ಪಿದೆ.

ಮೊದಲು ಅನ್ನ. ಉದುರುದುರಾದ ಅನ್ನಕ್ಕೆ ಅಕ್ಕಿ ಹೀರಿಕೊಳ್ಳುವ ನೀರು ಹೆಚ್ಚುಕಡಿಮೆ ಅಕ್ಕಿಯ ಅಳತೆಯಷ್ಟೇ. ಒಂದಕ್ಕೆ ಎರಡು ಅಂತ ಹಾಕುತ್ತೇವಲ್ಲ, ಆ ಇನ್ನೊಂದು ಲೋಟ ಬಹುಪಾಲು ಆವಿಯಾಗಿ ಹೋಗಲಿ ಅಂತ ಹಾಕುವುದು. ಆವಿ ಎಷ್ಟು ಹೋಗುತ್ತದೆ ಅನ್ನುವುದು ಪಾತ್ರೆಯ ಬಾಯಿ, ಮುಚ್ಚಳ, ಹೊತ್ತು ಇವುಗಳ ಮೇಲೆ ಹೋಗುತ್ತದೆ. ಅಕ್ಕಿ ಎಷ್ಟಿದೆ ಅಂತ ಅದು ನೋಡುವುದಿಲ್ಲ. ನೀವು ಅಕ್ಕಿಯನ್ನು ಮೂರೂವರೆ ಪಟ್ಟು ಮಾಡಿದಾಗ ಆವಿಯ ನೀರನ್ನೂ ಮೂರೂವರೆ ಪಟ್ಟು ಮಾಡಿದಿರಿ. ಅದು ಹೋಗಲಿಲ್ಲ, ಒಳಗೇ ಉಳಿಯಿತು. ನಡುವೆ ಅಂಟಾಗಿದ್ದು ಅದಕ್ಕೇ.

ತಳ ಹತ್ತಿದ್ದು ಎತ್ತರದ ಪಾತ್ರೆಯಿಂದ. ಪಾತ್ರೆಯನ್ನು ಎಲ್ಲಾ ಕಡೆ ಎರಡು ಪಟ್ಟು ದೊಡ್ಡದು ಮಾಡಿದರೆ ಒಳಗೆ ಹಿಡಿಸುವುದು ಎಂಟು ಪಟ್ಟು, ಬೆಂಕಿ ತಾಗುವ ತಳ ಮಾತ್ರ ನಾಲ್ಕು ಪಟ್ಟು. ಒಳಗಿನದು ಕಾಯಲಿ ಅಂತ ನೀವು ಉರಿ ಏರಿಸುತ್ತೀರಿ, ತಳದ ಅಗುಳು ಸಾಯುತ್ತದೆ. ಹಾಸ್ಟೆಲಿನಲ್ಲಿ ಹೊಸಬರಿಗೆಲ್ಲ ನಾನು ಮೊದಲ ದಿನ ಹೇಳುತ್ತಿದ್ದದ್ದು ಇದೊಂದೇ: ಎತ್ತರದ ಪಾತ್ರೆ ನೀರಿಗೆ, ಅಗಲದ ಪಾತ್ರೆ ಅನ್ನಕ್ಕೆ.

ಹೊತ್ತಿನ ಲೆಕ್ಕವೂ ಕೇಳಿ, ಇದು ಮಗಳು ಹಾಕಿ ಕೊಟ್ಟದ್ದು. ಹತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು ಸುಮಾರು 3,100 ಕಿಲೋಜೂಲ್ ಶಾಖ ಬೇಕು. ಮನೆಯ ಬರ್ನರಿನಿಂದ ಪಾತ್ರೆಗೆ ನಿಜವಾಗಿ ತಲುಪುವುದು ಒಂದೂವರೆ ಕಿಲೋವ್ಯಾಟ್ ಅಂತ ಇಟ್ಟುಕೊಂಡರೆ 35 ನಿಮಿಷ ಆಯಿತು. ಬೇಯುವುದಲ್ಲ, ಬರೀ ಕುದಿ ಬರುವುದು! ನೀವು ಮುಚ್ಚಳ ತೆಗೆದು ತೆಗೆದು ನೋಡಿರುತ್ತೀರಿ, ಅದನ್ನೂ ಸೇರಿಸಿಕೊಳ್ಳಿ.

ಹೀಗೆ ಮಾಡಿ. ಹಳ್ಳಿ ಗಾಳಿಗೆ ಹಸಿವು ಜಾಸ್ತಿ, ತಲೆಗೆ 100 ಗ್ರಾಂ ಅಕ್ಕಿ ಹಿಡಿಯಿರಿ. 1 ಕಿಲೋ 400 ಗ್ರಾಂ ಆಯಿತು. ಅದನ್ನು ಎರಡು ಅಗಲದ ಪಾತ್ರೆಗೆ 700 ಗ್ರಾಂನಂತೆ ಹಂಚಿ. ಒಂದಕ್ಕೆ ಒಂದೂವರೆ ನೀರು ಹಾಕಿ ನೋಡಿ, ನಿಮ್ಮ ಅಕ್ಕಿಗೆ ತಕ್ಕಂತೆ ಮುಂದಿನ ಸಲ ಅರ್ಧ ಲೋಟ ಆಚೀಚೆ ಮಾಡಿಕೊಳ್ಳಿ. ಮೊದಲ ಪಾತ್ರೆ ಕುದಿದು ನೀರು ಮೇಲ್ಮಟ್ಟಕ್ಕೆ ಇಳಿದ ತಕ್ಷಣ ಮುಚ್ಚಳ ಬಿಗಿಯಾಗಿ ಹಾಕಿ ಇಳಿಸಿ. ದಪ್ಪ ಕಂಬಳಿಯಲ್ಲಿ ಸುತ್ತಿ ಮೂಲೆಯಲ್ಲಿಡಿ. ಉಳಿದದ್ದು ಅದರ ಬಿಸಿಯಲ್ಲೇ ಬೇಯುತ್ತದೆ. ನಿಮ್ಮ ಬರ್ನರ್ ಖಾಲಿ. ಹಳೇ ಕಾಲದಲ್ಲಿ ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಪಾತ್ರೆ ಹೂತಿಟ್ಟು ಮಾಡುತ್ತಿದ್ದದ್ದು ಇದನ್ನೇ.

ಇನ್ನು ರಾಜ್ಮಾ. ನಿಮ್ಮ ಬಾವಿ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಾ? ಹಾಗಿದ್ದರೆ ಅದು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಗಟ್ಟಿ ಮಾಡುತ್ತದೆ. ಟೊಮೆಟೊ ಹಾಕಿದ್ದು ಇನ್ನೊಂದು ಪೆಟ್ಟು. ಹುಳಿ ಬಿದ್ದ ಮೇಲೆ ಕಾಳು ಮೆತ್ತಗಾಗಲು ಒಪ್ಪುವುದಿಲ್ಲ. ಹುಳಿ ಯಾವಾಗಲೂ ಕೊನೆಗೆ. ನೆನೆಸುವುದಕ್ಕೂ ಬೇಯಿಸುವುದಕ್ಕೂ ಮನೆಯಿಂದಲೇ ಫಿಲ್ಟರ್ ನೀರು ಒಯ್ಯಿರಿ, ಇಲ್ಲವೇ ಚಿಟಿಕೆ ಅಡುಗೆ ಸೋಡಾ ಹಾಕಿ. ಉಪ್ಪನ್ನು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವವರು ಬಹಳ ಜನ ಇದ್ದಾರೆ. ನೆನೆಸುವ ನೀರಿಗೇ ಉಪ್ಪು ಹಾಕಿ ನೋಡಿ, ಸಿಪ್ಪೆ ಮೆತ್ತಗೇ ಬರುತ್ತದೆ.

ಬಿಸ್ಕತ್ತುಪಾರ್ಟಿ ಬರೆದದ್ದು:

ನಾನು ನೆಂಟರ ಕಡೆಯಿಂದ ಬರೆಯುತ್ತಿದ್ದೇನೆ. ಇಂಥದ್ದೇ ಒಂದು ಮನೆಗೆ ವರ್ಷಕ್ಕೆ ನಾಲ್ಕು ಸಲ ಹೋಗುವವಳು.

ನೀವು "ಬೇಡ, ಕೂತ್ಕೊಳ್ಳಿ" ಅನ್ನುವುದು ಪ್ರೀತಿಯಿಂದಲೇ, ಗೊತ್ತು. ನಮಗೆ ಅದು ಹೇಗೆ ಕೇಳಿಸುತ್ತದೆ ಗೊತ್ತಾ? ಇದು ನಿಮ್ಮ ಜಾಗವಲ್ಲ ಅಂದ ಹಾಗೆ. ಎರಡು ಸಲ ಬೇಡ ಅನ್ನಿಸಿಕೊಂಡವರು ಮೂರನೇ ಸಲ ಕೇಳುವುದಿಲ್ಲ, ಇಸ್ಪೀಟು ತೆಗೆಯುತ್ತಾರೆ. ನಾನು ಹೋಗುವ ಮನೆಯಲ್ಲಿ ಚಹಾಪುಡಿ ಎಲ್ಲಿದೆ ಅಂತ ನನಗೆ ಮೂರನೇ ವರ್ಷಕ್ಕೆ ಗೊತ್ತಾಯಿತು. ಅದೂ ಆ ಮನೆಯ ಅತ್ತಿಗೆಗೆ ಜ್ವರ ಬಂದಿತ್ತು, ಅದಕ್ಕೆ. ಆ ಸಲದಷ್ಟು ಆರಾಮಾಗಿ ನಾನು ಅಲ್ಲಿ ಯಾವತ್ತೂ ಇರಲಿಲ್ಲ. ಪಾಪ, ಅವರಿಗೆ ಜ್ವರ.

ಇನ್ನೊಂದು ವಿಷಯ. ಭಾನುವಾರ ಎಂಟು ಗಂಟೆಗೇ ತಿಂಡಿ ಅಂತ ಎಬ್ಬಿಸಬೇಡಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ಮೆದುಳಿನ ಎಡಭಾಗ ಪೂರ್ತಿ ಗಾಢ ನಿದ್ದೆಗೆ ಇಳಿಯುವುದಿಲ್ಲ, ಸದ್ದಿಗೆ ಕಿವಿ ಕೊಟ್ಟುಕೊಂಡೇ ಇರುತ್ತದೆ ಅಂತ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದಾರೆ. ನಿಮ್ಮ ನೆಂಟರಿಗೆ ಇರುವುದೇ ಮೊದಲ ರಾತ್ರಿ ಒಂದು. ಬೇಯಿಸಿದ ಮೊಟ್ಟೆ, ಬ್ರೆಡ್ಡು, ಹಣ್ಣು ಮೇಜಿನ ಮೇಲಿಟ್ಟು ನೀವೂ ಮಲಗಿ.

ಎರಡುಬರ್ನರ್ ಉತ್ತರಿಸಿದ್ದು:

ದೊಡ್ಡಸೌಟು ಅಣ್ಣಾ, ಬಿಳಿ ಪದರ ಇದೆ. ಕೆಟಲ್ ಒಳಗೆ ಸುಣ್ಣ ಬಳಿದ ಹಾಗೆ ಇದೆ. ಇಷ್ಟು ವರ್ಷ ಕಾಳು ಮಾರಿದವನನ್ನು ಬೈದುಕೊಂಡಿದ್ದೆ.

ಬಿಸ್ಕತ್ತುಪಾರ್ಟಿಯವರೇ, ನಿಮ್ಮ ಮಾತು ಚುಚ್ಚಿತು. ಒಂದು ವಿಷಯ ಮೊದಲ ಸಲ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಒಂದು ಸಲ ಭಾವನಿಗೆ ಈರುಳ್ಳಿ ಹೆಚ್ಚಲು ಕೊಟ್ಟಿದ್ದೆ. ಬೆರಳು ಗಾತ್ರ ಹೆಚ್ಚಿದರು. ಅವರು ಕೈ ತೊಳೆಯಲು ಹೋದಾಗ ನಾನು ಅದನ್ನೆಲ್ಲಾ ಮತ್ತೆ ಸಣ್ಣಗೆ ಹೆಚ್ಚಿದೆ. ವಾಪಸ್ ಬಂದವರು ಬಾಗಿಲಲ್ಲಿ ನಿಂತು ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಅಡುಗೆಮನೆ ಕಡೆ ಬಂದಿಲ್ಲ.

ಆದರೂ ಒಂದು ಅನುಮಾನ. ಹತ್ತು ಜನ ಅಡುಗೆಮನೆಗೆ ನುಗ್ಗಿದರೆ ಕೆಲಸ ಆಗುತ್ತದಾ? ನಮ್ಮಲ್ಲಿ ಇಬ್ಬರು ನಿಂತರೆ ಮೂರನೆಯವರು ಪಕ್ಕಕ್ಕೆ ತಿರುಗಬೇಕು.

ಹಗ್ಗದತುದಿ ಬರೆದದ್ದು:

ಆಗುವುದಿಲ್ಲ. ಅದಕ್ಕೆ ನೂರು ವರ್ಷಕ್ಕೂ ಹಳೆಯ ಸಾಕ್ಷಿ ಇದೆ. ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್ಮಾನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದರು. ಜನರ ಕೈಯಲ್ಲಿ ಹಗ್ಗ ಎಳೆಸಿ ಅಳೆದರು, 1913ರಲ್ಲಿ ಪ್ರಕಟಿಸಿದರು. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರು ಎಳೆಯುವ ಬಲ ಕಡಿಮೆ. ಒಂದು ಕಾರಣ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದು ಕಷ್ಟ. ಇನ್ನೊಂದು ಸೋಮಾರಿತನ. 1979ರಲ್ಲಿ ಅಮೆರಿಕದ ಬಿಬ್ ಲಟಾನೆ ಮತ್ತು ಜೊತೆಗಾರರು ಚಪ್ಪಾಳೆ ಹೊಡೆಸಿ, ಕೂಗಿಸಿ ಇದನ್ನೇ ನೋಡಿದರು. ಗುಂಪಿನಲ್ಲಿ ಜನ ಮೆಲ್ಲಗೆ ಕೂಗುತ್ತಾರೆ. ನನಗೆ ಇಷ್ಟವಾದದ್ದು ಅವರು ಆಮೇಲೆ ಕಂಡುಕೊಂಡದ್ದು: ಯಾರು ಎಷ್ಟು ಕೂಗಿದರು ಅಂತ ಬೇರೆ ಬೇರೆ ಗೊತ್ತಾಗುತ್ತದೆ ಅಂತ ಹೇಳಿದರೆ ಸೋಮಾರಿತನ ಮಾಯ.

ಹಾಗಾಗಿ "ಬನ್ನಿ, ಎಲ್ಲರೂ ಸೇರಿ ಮಾಡೋಣ" ಅನ್ನಬೇಡಿ. ಒಬ್ಬರಿಗೆ ಒಂದು ಪಾತ್ರೆ ಕೊಡಿ, ಪೂರ್ತಿ. ಈರುಳ್ಳಿ ಹೆಚ್ಚುವುದನ್ನು ಕೊಡುವುದಲ್ಲ, ಶನಿವಾರ ರಾತ್ರಿಯ ಊಟವನ್ನೇ ಭಾವನಿಗೆ ಕೊಡಿ. ಏನು ಮಾಡಬೇಕು, ಉಪ್ಪು ಎಷ್ಟು, ಎಲ್ಲಾ ಅವರದೇ. ಚೆನ್ನಾಗಿದ್ದರೆ ಅವರ ಹೆಸರು, ಕೆಟ್ಟರೆ ಅವರ ಹೆಸರು. ಆ ಹೊತ್ತು ನೀವು ಬಾಗಿಲ ಹತ್ತಿರವೂ ಸುಳಿಯಬಾರದು. ಇದು ನಿಮಗೆ ಹಗ್ಗ ಎಳೆಯುವುದಕ್ಕಿಂತ ಕಷ್ಟ ಅಂತ ನನ್ನ ಅಂದಾಜು.

ಜಾಗದ ಮಾತಿಗೆ ಒಂದು ಉಪಾಯ. ಹೆಚ್ಚುವುದು, ಬಿಡಿಸುವುದು, ಸಿಪ್ಪೆ ತೆಗೆಯುವುದು ಎಲ್ಲಾ ಜಗಲಿಗೆ ಹಾಕಿ. ಚಾಕು ಮನೆಯಿಂದ ತನ್ನಿ. ಹಳ್ಳಿ ಮನೆಗಳ ಚಾಕು ಯಾವತ್ತೂ ಮೊಂಡು, ಯಾಕೋ.

ರಾತ್ರಿಪಾಳಿ ಬರೆದದ್ದು:

ನರ್ಸ್ ನಾನು. ಎರಡು ಮಾತು ಹೇಳಿ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಾಜ್ಮಾವನ್ನು ಕಂಬಳಿ ಸುತ್ತಿ ಬೇಯಿಸುವ ಯೋಚನೆ ಬಂದರೆ ಜೋಪಾನ. ಹಸಿ ರಾಜ್ಮಾದಲ್ಲಿ ಒಂದು ವಿಷ ಇರುತ್ತದೆ, ಜೋರಾಗಿ ಕುದಿದರೆ ಮಾತ್ರ ಸಾಯುತ್ತದೆ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ. ಆಮೇಲೆ ಏನು ಬೇಕಾದರೂ ಸುತ್ತಿ. ಕುದಿಯದೆ ಬರೀ ಬೆಚ್ಚಗಿದ್ದರೆ ವಿಷ ಕಡಿಮೆಯಾಗುವ ಬದಲು ಜಾಸ್ತಿಯಾಗುವುದೂ ಉಂಟು. ನಿಮ್ಮ ಕಟಕಟ ರಾಜ್ಮಾ ಅವತ್ತು ಎಷ್ಟು ಜನ ತಿಂದರು ಅಂತ ಕೇಳುವುದಿಲ್ಲ.

ಅನ್ನ ಉಳಿದರೆ ದೊಡ್ಡ ಪಾತ್ರೆಯಲ್ಲೇ ರಾತ್ರಿಯಿಡೀ ಬಿಡಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಉಳಿಯುತ್ತವೆ. ಉಗುರುಬೆಚ್ಚಗೆ ಕೂತ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ನಿಮ್ಮ ಪುಟ್ಟ ಫ್ರಿಜ್ಜಿನಲ್ಲಿ ಹಿಡಿಸದಿದ್ದರೆ ಅಷ್ಟು ಮಾಡಲೇಬೇಡಿ.

ಮೂರನೆಯದು ಕೇಳಲೇ ಇಲ್ಲ, ಆದರೂ. ನಮ್ಮ ಮನೆಯವರೆಲ್ಲಾ ಒಂದು ಸಲ ಇಂಥದ್ದೇ ಮನೆಗೆ ಹೋಗಿದ್ದಾಗ ರಾತ್ರಿ ಮಳೆ ಬಂತು. ಕೆಂಡ ಇನ್ನೂ ಚೆನ್ನಾಗಿದೆ, ಸುಮ್ನೆ ಯಾಕೆ ಹಾಳು ಅಂತ ನನ್ನ ತಮ್ಮ ಇದ್ದಿಲ ಒಲೆಯನ್ನು ಮಕ್ಕಳು ಮಲಗುವ ಕೋಣೆಗೆ ತಂದಿಟ್ಟ. ಚಳಿಗೆ ಹಿತವಾಗಿತ್ತು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಿಕ್ಕವಳು ತಲೆನೋವು ಅಂತ ಎದ್ದು ಬಂದಳು, ಅದರಿಂದ ಬಚಾವ್. ಇದ್ದಿಲು ಯಾವ ಕಾರಣಕ್ಕೂ ಒಳಗೆ ಬೇಡ, ಕಿಟಕಿ ತೆಗೆದಿದ್ದರೂ ಬೇಡ.

ಎರಡುಬರ್ನರ್ ಒಂದು ತಿಂಗಳ ಮೇಲೆ ಬರೆದದ್ದು:

ಹೋಗಿ ಬಂದೆವು. ಕೇಳಿದವರಿಗೆ ವರದಿ.

ಕಾಳಿಗೆ ಅಂತ ಮನೆಯಿಂದಲೇ ಇಪ್ಪತ್ತು ಲೀಟರ್ ನೀರು ಒಯ್ದೆ. ಹೆಂಡತಿ ಬಾವಿ ಇರುವ ಮನೆಗೆ ನೀರು ಹೊರುವ ಗಂಡ ಅಂತ ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು. ರಾಜ್ಮಾ ಹನ್ನೆರಡೂವರೆಗೆ ಬೆಣ್ಣೆಯಂತೆ ಆಗಿತ್ತು. ಅನ್ನದ ಮೊದಲ ಪಾತ್ರೆ ಕಂಬಳಿಯೊಳಗೆ ಚೆನ್ನಾಗಿ ಬೆಂದಿತ್ತು. ಎರಡನೆಯದರ ತಳ ಸ್ವಲ್ಪ ಹತ್ತಿತು. ಆ ಹೊತ್ತಿಗೆ ನಾನು ಜಗಲಿಯಲ್ಲಿದ್ದೆ, ವಾಸನೆ ಬಂದ ಮೇಲೇ ಎದ್ದದ್ದು. ಕೆಂಪಗಾದ ಸೀಕಲಿಗೆ ಮಕ್ಕಳು ಜಗಳವಾಡಿದರು.

ಅಡುಗೆಮನೆಯ ಡಬ್ಬಿಗಳಿಗೆಲ್ಲಾ ಅಕ್ಕನ ಮಗಳು ಚೀಟಿ ಅಂಟಿಸಿದಳು. ಅರ್ಧ ಚೀಟಿಯಲ್ಲಿ ಕಾಗುಣಿತ ತಪ್ಪು. ಹಾಗೇ ಇರಲಿ ಅಂತ ಬಿಟ್ಟಿದ್ದೇನೆ. ಈಗ ಯಾರು ಬೇಕಾದರೂ ಚಹಾ ಮಾಡಿಕೊಳ್ಳುತ್ತಾರೆ. ಭಾನುವಾರ ನಾನು ಎದ್ದಾಗ ಒಂಬತ್ತಾಗಿತ್ತು. ಮೊಟ್ಟೆ ಅರ್ಧ ಖಾಲಿ. ಗೆಳೆಯರಿಬ್ಬರೂ ಆಗಲೇ ಪಾತ್ರೆ ತೊಳೆದು ಜಗಲಿ ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದ್ದರು.

ಸರಿಹೋಗದ್ದೂ ಇದೆ. ಅಮ್ಮ ಈ ಸಲವೂ ಕೂರಲಿಲ್ಲ. ಯಾವ ಪಾತ್ರೆಯನ್ನೂ ಅವರಿಗೆ ಕೊಟ್ಟಿರಲಿಲ್ಲ, ಆರಾಮಾಗಿರಲಿ ಅಂತ. ಸಂಜೆ ನೋಡಿದರೆ ಹಿತ್ತಲಲ್ಲಿ ಒಬ್ಬರೇ ಕೂತು, ಯಾರೂ ಕೇಳದಿದ್ದರೂ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಬಟ್ಟಲು ತುಂಬ. "ಅಮ್ಮ, ಇಷ್ಟೊಂದು ಬೆಳ್ಳುಳ್ಳಿ ಯಾಕೆ?" ಅಂದೆ. "ನಂಗೆ ಯಾರೂ ಏನೂ ಹೇಳ್ಲಿಲ್ವಲ್ಲ" ಅಂದರು. ಮುಂದಿನ ಸಲ ಶನಿವಾರ ಮಧ್ಯಾಹ್ನದ ಊಟ ಅವರದು. ಬರ್ನರ್ ಹತ್ತಿರ ನನ್ನನ್ನು ಬಿಡುತ್ತಾರೋ ಇಲ್ಲವೋ.

ಜಗಲಿಯ ಲೆಕ್ಕ ಹೇಳಲಿಲ್ಲ ಅಲ್ವಾ. ಈ ಸಲ ಎಣಿಸಲಿಲ್ಲ. ಇಸ್ಪೀಟಿನಲ್ಲಿ ಏಳು ಆಟ ಸೋತೆ, ಅದರ ಮೇಲೆ ಅಂದಾಜು ಮಾಡಿಕೊಳ್ಳಿ.

ಹಗ್ಗದತುದಿ ಬರೆದದ್ದು:

ಅದೆಲ್ಲಾ ಸರಿ. ಶನಿವಾರ ರಾತ್ರಿ ಭಾವನ ಊಟ? ಈರುಳ್ಳಿ ಹೇಗಿತ್ತು?

ಎರಡುಬರ್ನರ್ ಉತ್ತರಿಸಿದ್ದು:

ಬೆರಳು ಗಾತ್ರ. ಚಾಕು ಮುಟ್ಟಲಿಲ್ಲ ನಾನು.